ಆಲೆಮನೆಯ ಚಿಮಣಿಯವರಿಗೆ, ತಪ್ಪಿದ ಮಳೆಯ ವಿಚಾರವಾಗಿ

ಸದಾ ನೆಟ್ಟಗೆ ನಿಂತು ನಮ್ಮೂರಿನ ಆಕಾಶಕ್ಕೆ ಕಾಡಿಗೆ ಹಚ್ಚುವ, ಚಲುವರಾಜು ಅವರ ಆಲೆಮನೆಯ ಚಿಮಣಿಯವರ ಸನ್ನಿಧಿಗೆ,

ಮಾನ್ಯರೇ,

ಬೂಕನಕೆರೆ ಬಸ್ಸು ಇಳಿದವರಿಗೆ ಊರಿಗಿಂತ ಮೊದಲು ಕಾಣಿಸುವ ತಮಗೆ ನನ್ನ ನಮಸ್ಕಾರಗಳು. ರಸ ಹಿಂಡಿದ ಕಬ್ಬಿನ ಸಿಪ್ಪೆ, ಅಂದರೆ ರಚ್ಚು, ಒಣಗದ ದಿನ ಹಳೇ ಟಯರನ್ನೂ ಬೇಸರಿಸದೆ ನುಂಗಿ, ನಾನು ಹರವಿದ ಬಟ್ಟೆಗಳಿಗೆಲ್ಲ ಒಂದೇ ಬಣ್ಣ ಕೊಡುವ ತಮ್ಮ ಸಮದೃಷ್ಟಿಯನ್ನು ಎಷ್ಟು ಹೊಗಳಿದರೂ ಸಾಲದು. ಬೆಲ್ಲದ ಕೊಪ್ಪರಿಗೆ ತೂತಾಗಿ ತಾವು ಈಗ ವಿಶ್ರಾಂತಿಯಲ್ಲಿರುವುದರಿಂದ, ಓದಲು ಬಿಡುವಿದ್ದೀತೆಂದು ಬರೆಯುತ್ತಿದ್ದೇನೆ.

ಹೋದ ವಾರ ಅರಳಿಕಟ್ಟೆಯ ಸಭೆಯಲ್ಲಿ ತಾವು ನಿರ್ದೋಷಿ ಎಂದು ತೀರ್ಮಾನವಾದದ್ದಕ್ಕೆ ಅಭಿನಂದನೆಗಳು. ಈ ಸಲ ಮಳೆ ಯಾಕೆ ಕೈಕೊಟ್ಟಿತೆಂದು ವಿಚಾರಿಸಲು ಊರು ಸೇರಿದಾಗ, ಹೈಸ್ಕೂಲಿನ ವಿಜ್ಞಾನದ ಮೇಡಂ ಸುನಿತಾ ಅವರು, ಭೂಮಿಯ ಕಾವು ಏರಿರುವುದು ಮನುಷ್ಯರು ಕಲ್ಲಿದ್ದಲು, ಪೆಟ್ರೋಲು ಉರಿಸಿದ್ದರಿಂದ, ಸೂರ್ಯನ ಶಾಖವನ್ನೂ ಅಳೆದು ನೋಡಿಯಾಗಿದೆ, ಅದು ಹೆಚ್ಚಿಲ್ಲ, ತಪ್ಪು ಅವನದಲ್ಲ, ಗಾಳಿಯಲ್ಲಿ ಹೆಚ್ಚಿದ ಇಂಗಾಲ ನೆಲದಡಿಯಿಂದ ಬಂದದ್ದೆಂದು ಅದರ ಗುರುತೇ ಹೇಳುತ್ತದೆ, ಕಾವು ಏರಿದಂತೆ ಮಳೆಯೂ ಹದ ತಪ್ಪುತ್ತದೆ, ಟಯರು ಸುಡುವ ತಮ್ಮದೂ ಇದರಲ್ಲಿ ಚೂರು ಪಾಲಿದೆ ಎಂದರು. ತಕ್ಷಣ ತಮ್ಮ ಯಜಮಾನರು ಎದ್ದು, "ನಮ್ ಚಿಮಣಿ ಹೊಗೆ ಮೋಡನ ಓಡ್ಸಿದ್ದ ಕಣ್ಣಾರೆ ಕಂಡೋರು ಯಾರವ್ರೆ? ಕರ್ಕಂಡ್ ಬನ್ನಿ ಮೇಡಂ" ಎಂದರು. ಇದೇ ಚಿಮಣಿಯಿಂದ ಇದೇ ಮಳೆ ತಪ್ಪಿತು ಎಂದು ಹೇಳಲು ಬರುವುದಿಲ್ಲ ಎಂದು ಆ ಪ್ರಾಮಾಣಿಕ ಹೆಂಗಸು ಒಪ್ಪಿಕೊಂಡದ್ದೇ ತಡ, ಚಪ್ಪಾಳೆ ಬಿತ್ತು.

ಚಪ್ಪಾಳೆ ನಿಲ್ಲುವ ಮೊದಲೇ ಹಿರಿಯರಾದ ಮಂಚಯ್ಯನವರು ನಿಜವಾದ ಅಪರಾಧಿಯನ್ನು ಹಿಡಿದುಕೊಟ್ಟರು. "ಅಣ್ಣಮ್ಮುಂಗೆ ತೊನ್ನಿತ್ತು ಕಣ್ರಪ್ಪ. ಸುಡ್ದೆ ಊತ್ಬುಟ್ರು. ತೊನ್ನಿನ ಹೆಣ ಮಣ್ಣಲ್ಲಿದ್ರೆ ಮಳೆ ಉಯ್ದಾದಾ?" ಅಣ್ಣಮ್ಮ ನನ್ನ ದೊಡ್ಡಮ್ಮ, ಹೋದ ವರ್ಷ ತೀರಿಕೊಂಡವರು. ಈಗ ಯಾರೂ ಪುರಾವೆ ಕೇಳಲಿಲ್ಲ, ಕಣ್ಣಾರೆ ಕಂಡವರನ್ನು ಕರೆಸಲಿಲ್ಲ. ಬರುವ ಸೋಮವಾರ ಸಮಾಧಿ ಅಗೆದು, ಅವರನ್ನು ಹೊರತೆಗೆದು ಸುಡುವುದೆಂದು ಎಲ್ಲರೂ ತಲೆಯಾಡಿಸಿ ಎದ್ದರು.

ದೊಡ್ಡಮ್ಮನನ್ನು ತಾವು ಬಲ್ಲಿರಿ. ತಮ್ಮ ಬುಡದಲ್ಲೇ ಕೂತು ಒಲೆಗೆ ರಚ್ಚು ತಳ್ಳಿದವರು, ಬೆಲ್ಲ ಮಾತ್ರ ಮುಟ್ಟಬೇಡ ಎನ್ನಿಸಿಕೊಂಡವರು. ಸಂಜೆ ಮೈಯೆಲ್ಲ ಮಸಿಯಾಗಿ ಮನೆಗೆ ಬಂದು, "ಇವತ್ತು ಒಂದೇ ಬಣ್ಣ ಆಗಿವ್ನಿ ನೋಡವ್ವ" ಎಂದು ನಗುತ್ತಿದ್ದರು. ಅವರನ್ನು ಮಣ್ಣಿನಿಂದ ಎಳೆಯುತ್ತಾರೆಂದು ನೆನೆದು ಸಿಟ್ಟಿನಲ್ಲಿ ಪೆನ್ನು ಒತ್ತಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಕ್ಷಮಿಸಬೇಕು.

ಆದಕಾರಣ ತಮ್ಮಲ್ಲಿ ವಿನಂತಿ ಏನೆಂದರೆ, ಸೋಮವಾರ ಬೆಳಿಗ್ಗೆ ತಾವು ದಯಮಾಡಿ ಸ್ಮಶಾನದವರೆಗೆ ನಡೆದುಬಂದು, ತಮಗೆ ಧಾರಾಳವಾಗಿ ಸಿಕ್ಕ ಸಂಶಯದ ಲಾಭದಲ್ಲಿ ಸ್ವಲ್ಪವನ್ನು ನನ್ನ ದೊಡ್ಡಮ್ಮನಿಗೂ ಕೊಡಿಸಬೇಕು. ನಡೆಯಲು ತೊಂದರೆಯಾದರೆ, ಅವರ ಮೈಮೇಲಿನ ಬಿಳಿ ಮಚ್ಚೆಗೆ ಹೆದರಿ ವಾಪಸ್ಸಾದ ಮೋಡ ಯಾವುದೆಂದು ಅಷ್ಟೆತ್ತರದಿಂದಲೇ ಗುರುತಿಸಿ, ಅದರ ಹೆಸರು, ತಂದೆಯ ಹೆಸರು, ಊರು ವಿಚಾರಿಸಿ, ಸಾಕ್ಷಿ ಹೇಳಲು ಕಳಿಸಿಕೊಡಬೇಕು. ಎರಡೂ ಆಗದಿದ್ದರೆ ತಮ್ಮ ಯಜಮಾನರ ಬಾಯಲ್ಲಿ ಆ ಒಂದು ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿಸಿದರೂ ಸಾಕು.

ತಮ್ಮ ಮಸಿಯನ್ನು ದಿನವೂ ಒಗೆದು ಹಿಂಡುವ,
ತಮ್ಮ ವಿಶ್ವಾಸಿ,
ಯಶೋಧ

ತಾ.ಕ.: ಪತ್ರ ಮಡಿಚುವಷ್ಟರಲ್ಲಿ ಮಳೆ ಜಡಿಯಿತು. ದೊಡ್ಡಮ್ಮ ಮಣ್ಣಿನಲ್ಲೇ ಇದ್ದರು; ತಾವು ಮಾತ್ರ ವಾರದಿಂದ ಹೊಗೆ ಬಿಟ್ಟಿರಲಿಲ್ಲ. ಇದು ಪುರಾವೆಯಾಗುವುದಿಲ್ಲ ಎಂದು ಸುನಿತಾ ಮೇಡಂ ನನಗೆ ಮತ್ತೆ ಮತ್ತೆ ತಿಳಿಹೇಳಿದರು. ತಾವು ಹೊಗೆ ನಿಲ್ಲಿಸಿದ ಮೇಲೆ ಮಳೆ ಬಂತೆಂದು ನಾನು ಮಂಚಯ್ಯನವರಿಗೆ ಹೇಳಿದ್ದು ಒಂದೇ ಸಲ, ಅವರು ಈಗ ಹಾರೆ ಹಿಡಿದು ತಮ್ಮ ಕಡೆಗೇ ಬರುತ್ತಿದ್ದಾರೆ. ಗಾಬರಿಯಾಗಬೇಡಿ, ಕಣ್ಣಾರೆ ಕಂಡವರು ಯಾರೆಂದು ಕೇಳಿ ನೋಡಿ.