ದ್ರವರೂಪದ ರತ್ನಗಂಬಳಿ

ಹುಮನಾಬಾದಿನ ಸಾರ್ವಜನಿಕ ಅನುಕೂಲ ಕಚೇರಿಯ ರತ್ನಗಂಬಳಿ ಕಂದು ಬಣ್ಣದ್ದು. ಈ ವಿಷಯದಲ್ಲಿ ಸಾಹೇಬರಿಗೂ ಸಿಪಾಯಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಹೋದ ವರ್ಷ ತಪಾಸಣೆಗೆ ಬಂದ ಮೇಲಧಿಕಾರಿಗಳು ಅದರ ಮೇಲೆ ನಿಂತು, ಕಂದು ಬಣ್ಣ ಕಚೇರಿಗೆ ಒಂದು ಗಾಂಭೀರ್ಯ ಕೊಡುತ್ತದೆ ಎಂದು ಅಪ್ಪಣೆ ಕೊಡಿಸಿದ್ದರು. ಆ ಗಾಂಭೀರ್ಯ ಕೆಡಬಾರದೆಂದು ಅಂದಿನಿಂದ ಸಾರ್ವಜನಿಕರನ್ನು ರತ್ನಗಂಬಳಿಯ ಅಂಚಿನಲ್ಲೇ ತಡೆದು ನಿಲ್ಲಿಸಲಾಗುತ್ತಿತ್ತು. ಇದರಿಂದ ಅವರಿಗೂ ಅನುಕೂಲವೇ ಆಗಿತ್ತು. ಒಳಗೆ ಹೋಗಿ ಇಲ್ಲ ಅನ್ನಿಸಿಕೊಳ್ಳುವ ಬದಲು ಅಂಚಿನಲ್ಲೇ ಇಲ್ಲ ಅನ್ನಿಸಿಕೊಂಡರೆ ಊರಿನ ಬಸ್ಸು ಬೇಗ ಸಿಗುತ್ತದೆ.

ಈ ವರ್ಷದ ತಪಾಸಣೆ ಹತ್ತಿರ ಬಂದಾಗ ರತ್ನಗಂಬಳಿ ತೊಳೆಸಬೇಕೆಂದು ತೀರ್ಮಾನವಾಯಿತು. ಬಸವಕಲ್ಯಾಣದಿಂದ ಬಂದೇನವಾಜನನ್ನು ಕರೆಸಿದರು. ಆ ಸೀಮೆಯಲ್ಲಿ ಗಾಲೀಚಾ ತೊಳೆಯುವ ಮಷೀನು ಇದ್ದದ್ದು ಅವನೊಬ್ಬನ ಬಳಿ. ಹೈದರಾಬಾದಿನಲ್ಲಿ ಬಾಗಿಲು ಮುಚ್ಚಿದ ಹೋಟೆಲೊಂದರಿಂದ ತಂದ ಈ ಮಷೀನನ್ನು ಅವನು ತನಗಿಂತ ಹೆಚ್ಚು ಹೊಗಳುತ್ತಾನೆಂದು ಹೆಂಡತಿ ಮುನ್ನಿ ಬೀಯ ದೂರು. ದೂರಿನಲ್ಲಿ ಸತ್ಯಾಂಶವಿದೆ.

"ನೋಡ್ರಿ ಸಾಹೇಬ್ರ," ಎಂದು ಅವನು ಮಷೀನಿನ ಬೆನ್ನು ಸವರುತ್ತಾ ಹೇಳಿದ. "ಈ ಕೊಳವಿಯಿಂದ ಬಿಸಿನೀರು ಗಾಲೀಚಾದ ಬುಡಕ್ಕ ಹೊಡಿತದ. ಹೊಡದ ಕೂಡ್ಲೆ ಬಾಜೂಕಿನ ಬಾಯಿ ನೀರು, ಹೊಲಸು ಎಲ್ಲಾ ಜಗ್ಗಿ ಎಳಕೊಂತದ. ಛಲೋ ನೀರಿನ ಟಾಕಿ ಬ್ಯಾರೆ, ಹೊಲಸ ನೀರಿನ ಟಾಕಿ ಬ್ಯಾರೆ. ನ್ಯಾಯ, ಇನ್ಸಾಫ್ ಅಂದ್ರ ಇದು ನೋಡ್ರಿ!"

ಮಹಾರುದ್ರಪ್ಪ ಸಾಹೇಬರು ತಲೆಯಾಡಿಸಿ ಊಟಕ್ಕೆ ಹೋದರು. ಸಿಬ್ಬಂದಿಯೂ ಹೋಯಿತು. ಊಟ ಸಂಜೆಯವರೆಗೆ ನಡೆಯುವ ಪದ್ಧತಿಯಾದ್ದರಿಂದ ಬಂದೇನವಾಜನ ಕೆಲಸಕ್ಕೆ ಯಾರ ಅಡ್ಡಿಯೂ ಆಗಲಿಲ್ಲ.

ಅವನಿಗೂ ಅವಸರವಿತ್ತು. ಬರುವ ರವಿವಾರ ಮಗಳು ಮಹಜಬೀನಳ ನಿಕಾಹ್. ಶಾದಿಖಾನೆಯ ಗಾಲೀಚಾಗಳನ್ನೆಲ್ಲ ತೊಳೆದುಕೊಟ್ಟರೆ ಆ ದಿನ ಜಾಗ ಪುಕ್ಕಟೆ ಎಂದು ಕಲ್ಯಾಣದ ಶಾದಿಖಾನೆ ಮಾಲೀಕರು ಮಾತು ಕೊಟ್ಟಿದ್ದರು. ಮಷೀನು ನಡೆದರೆ ಶಾದಿಖಾನೆ, ಇಲ್ಲವಾದರೆ ಬೀಗರ ಪಂಕ್ತಿ ಓಣಿಯಲ್ಲಿ, ಚರಂಡಿಯ ಪಕ್ಕ.

ಸಂಜೆ ಹೆಡ್ ಕ್ಲರ್ಕ್ ಸಂತೋಷಕುಮಾರ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ ಒಳಗೆ ಬಂದವರು ಹೊಸ್ತಿಲಲ್ಲೇ ನಿಂತರು. ಕೋಣೆಯ ತುಂಬ ಹಸಿರು ಹಾಸಿತ್ತು. ಹಸಿರಿನ ಮೇಲೆ ಕೆಂಪು ದಾಳಿಂಬೆ ಹೂವು, ಅಂಚಿಗೆ ನವಿಲು. ಬಂದೇನವಾಜ ಮೀಸೆ ತಿರುವುತ್ತಾ ಶಾಬಾಸ್‌ಗಿರಿಗೆ ಕಾದು ನಿಂತಿದ್ದ.

"ನಮ್ಮ ಗಾಲೀಚಾ ಎಲ್ಲಿ?" ಎಂದರು ಸಂತೋಷಕುಮಾರ.

"ಇದೇ ಅಲ್ರಿ."

"ಇದು ಹಸಿರ ಅದ. ನಮ್ದು ಕಂದು."

"ಆ ಕಂದು ಹೊಲಸಿತ್ರಿ. ಟಾಕ್ಯಾಗ ಅದ ನೋಡ್ರಿ."

ಸಂತೋಷಕುಮಾರ ಟಾಕಿಯ ಮುಚ್ಚಳ ತೆಗೆದು ಇಣುಕಿದರು. ಬಣ್ಣದ ಗುರುತು ಸರಿಯಾಗಿ ಹತ್ತಿತು. "ಸಾಹೇಬ್ರ, ಅಂಜಬ್ಯಾಡ್ರಿ! ನಮ್ಮ ಗಾಲೀಚಾ ಸಿಕ್ತು!" ಎಂದು ಹಿಂದೆಯೇ ಬರುತ್ತಿದ್ದ ಸಾಹೇಬರಿಗೆ ಕೂಗಿ ಹೇಳಿದರು.

ಕೂಡಲೇ ಪಂಚನಾಮೆ ನಡೆಯಿತು. ಕಚೇರಿಯ ಸ್ವತ್ತು ಖಾಸಗಿ ವ್ಯಕ್ತಿಯ ಮಷೀನಿನ ಹೊಟ್ಟೆಯಲ್ಲಿ ಪತ್ತೆಯಾಗಿದ್ದರಿಂದ ಮಷೀನನ್ನು ಜಪ್ತಿ ಮಾಡಿ, ಟಾಕಿಗೆ ಅರಗಿನ ಮುದ್ರೆ ಒತ್ತಿ, "ರತ್ನಗಂಬಳಿ, ದ್ರವರೂಪದಲ್ಲಿ" ಎಂಬ ಚೀಟಿ ಅಂಟಿಸಲಾಯಿತು. ನೆಲದ ಮೇಲಿದ್ದ ನವಿಲಿನ ಗಾಲೀಚಾವನ್ನು ವಾರಸುದಾರರಿಲ್ಲದ ವಸ್ತು ಎಂದು ಘೋಷಿಸಲಾಯಿತು. ಅದರ ಮೇಲೆ ಯಾರೂ ಕಾಲಿಡಲಿಲ್ಲ. ಬೇರೆಯವರ ಮಾಲಿನ ವಿಷಯದಲ್ಲಿ ಈ ಕಚೇರಿ ಬಹಳ ಶಿಸ್ತಿನದು.

"ಬಕೆಟಿನ್ಯಾಗ ಸುರುವಿ ಕೊಡ್ತೇನ್ರಿ," ಎಂದು ಬಂದೇನವಾಜ ಅಂಗಲಾಚಿದ. "ಮಷೀನ್ ಬಿಡ್ರಿ ಸಾಹೇಬ್ರ. ಮಗಳ ನಿಕಾಹ್ ಅದ."

"ರತ್ನಗಂಬಳಿ ಬಕೆಟಿನ್ಯಾಗ ಇಡಾಕ ನಿಯಮ ಇಲ್ಲಪಾ," ಎಂದರು ಸಾಹೇಬರು. ಅವರು ಕಟುಕರಲ್ಲ. ಅವರ ಮಗಳಿಗೂ ಸಂಬಂಧ ನೋಡುತ್ತಿದ್ದರು.

ಅಂದು ರಾತ್ರಿ ಮನೆಯಲ್ಲಿ ಮುನ್ನಿ ಬೀ, "ಮಷೀನ್ ಎಲ್ಲಿ?" ಎಂದಳು.

"ಜಪ್ತಿ ಆಗ್ಯಾದ."

"ಏನ್ ಕಳವು ಮಾಡಿದ್ರಿ?"

"ಹೊಲಸು."

"ಮನ್ಯಾಗ ಕಮ್ಮಿ ಇತ್ತೇನ್ರಿ?" ಎಂದು ಕೇಳಿ ಮುನ್ನಿ ಬೀ ಒಳಗೆ ಹೋದಳು. ಬಂದೇನವಾಜನಿಗೆ ನಿಜವಾಗಿಯೂ ಅಳು ಬಂತು. ಮಗಳು ಕೋಣೆಯಲ್ಲಿ ಮೆಹಂದಿಯ ನಮೂನೆ ಆರಿಸುತ್ತಿದ್ದಳು, ಅವಳಿಗೆ ಹೇಳುವ ಧೈರ್ಯವಾಗಲಿಲ್ಲ.

ಮರುದಿನ ಬೆಳಿಗ್ಗೆ ಸಾಹೇಬರೇ ದಾರಿ ತೋರಿಸಿದರು. "ಎಲ್ಲಿಂದ ತಗದೀ, ಅಲ್ಲೇ ತಿರುಗಿ ಇಡು. ಕಂದು ಗಾಲೀಚಾ ಹಾಜರಾತು ಅಂದ್ರ ಮಷೀನ್ ನಿಂದು."

ಕೈಯಾರೆ ತೊಳೆದ ಗಾಲೀಚಾಕ್ಕೆ ಕೈಯಾರೆ ಹೊಲಸು ಹಚ್ಚುವುದೆಂದರೆ ಕಸುಬುದಾರನಿಗೆ ಸಣ್ಣ ಮಾತಲ್ಲ. ಆದರೆ ನಿಕಾಹ್ ಅದಕ್ಕಿಂತ ದೊಡ್ಡ ಮಾತು. ಅವನು ನವಿಲುಗಳಿಗೆ ಮನಸ್ಸಿನಲ್ಲೇ ಮಾಫಿ ಕೇಳಿ, ಟಾಕಿಯ ನೀರನ್ನು ತಂಬಿಗೆಯಿಂದ ಎರೆಯತೊಡಗಿದ. ಸಂತೋಷಕುಮಾರ ಬದಿಗೆ ನಿಂತು, "ಆ ಮೂಲ್ಯಾಗ ಇನ್ನಾ ಸ್ವಲ್ಪ. ಅಲ್ಲಿ ಮೊದಲಿಂದ ಚಹಾ ಚೆಲ್ಲಿದ ಕಲಿ ಇತ್ತು," ಎಂದು ಮಾರ್ಗದರ್ಶನ ಮಾಡಿದರು.

ನೀರು ಮುಗಿಯಿತು. ಮುಕ್ಕಾಲು ಭಾಗ ಮಾತ್ರ ಕಂದಾಯಿತು. ಸಾಹೇಬರ ಮೇಜಿನ ಮುಂದೆ ಎರಡು ನವಿಲುಗಳು ಇನ್ನೂ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದವು. ರಾತ್ರಿ ಟಾಕಿ ಸೋರಿ ರತ್ನಗಂಬಳಿಯ ಒಂದಿಷ್ಟು ಭಾಗ ಚರಂಡಿ ಸೇರಿತ್ತು.

ತಪಾಸಣೆ ಶನಿವಾರ ಮುಂಜಾನೆ. ಬೇರೆ ದಾರಿಯಿಲ್ಲದೆ ಕಚೇರಿ ಬಾಗಿಲಿಗೆ ಪ್ರಕಟಣೆ ಅಂಟಿಸಲಾಯಿತು:

"ಸಾರ್ವಜನಿಕರ ಗಮನಕ್ಕೆ. ಕಚೇರಿಯ ರತ್ನಗಂಬಳಿಯಲ್ಲಿ ಉಂಟಾಗಿರುವ ಕೊರತೆಯನ್ನು ತುಂಬಿಕೊಳ್ಳಲು ಎಲ್ಲರೂ ಚಪ್ಪಲಿ ಸಮೇತ ಒಳಗೆ ಬರತಕ್ಕದ್ದು. ಕಾಲು ತೊಳೆದುಕೊಂಡು ಬಂದವರಿಗೆ ಪ್ರವೇಶವಿಲ್ಲ. ಹೊಲದಿಂದ ನೇರವಾಗಿ ಬರುವವರಿಗೆ ಆದ್ಯತೆ ನೀಡಲಾಗುವುದು."

ಮಳೆ ಬಿದ್ದು ಹೊಲಗಳು ಹದವಾಗಿದ್ದ ದಿನಗಳು. ನಿರ್ಣಾದವರು ಬಂದರು, ಚಿಟಗುಪ್ಪದವರು ಬಂದರು. ಘಾಟಬೋರಾಳದ ಯಶೋದಾಬಾಯಿಯೂ ಬಂದಳು. ಮನೆಗೊಂದು ನಳ ಹಾಕಿಸಿಕೊಡಿ ಎಂದು ಅರ್ಜಿ ಹಿಡಿದು ಈ ಮುದುಕಿ ಎಷ್ಟೋ ಸಲ ಬಂದು ಅಂಚಿನಿಂದಲೇ ತಿರುಗಿ ಹೋಗಿದ್ದಳು. ಇವತ್ತು ಅವಳ ಪಾದಕ್ಕೆ ಮೆತ್ತಿದ್ದ ಮಣ್ಣು ನೋಡಿ ಸಂತೋಷಕುಮಾರ ಸಾಲಿನಿಂದ ಅವಳನ್ನೇ ಮೊದಲು ಕರೆದರು. ಸಾಹೇಬರು ಕುರ್ಚಿಯಿಂದ ಎದ್ದು ನಿಂತರು.

"ಬರ್ರಿ ಅವ್ವಾರ, ಬರ್ರಿ. ನವಿಲಿನ ಮ್ಯಾಲ ನಿಲ್ರಿ."

ಯಶೋದಾಬಾಯಿ ನಿಂತಳು. ಸೆರಗಿನ ಗಂಟಿನಿಂದ ಅರ್ಜಿ ತೆಗೆದಳು. "ಯಪ್ಪಾ, ಈ ನಳದ್ದು..."

"ಅರ್ಜಿ ಹೊರಗ ಡಬ್ಬ್ಯಾಗ ಹಾಕ್ರಿ. ಒಳಗ ಕಾಲು ಅಷ್ಟೇ. ಹಿಮ್ಮಡ ಒತ್ರಿ, ಇನ್ನಾ ಸ್ವಲ್ಪ... ಹಾಂ!"

ಸಾಹೇಬರು ಕೈಮುಗಿದು ಬೀಳ್ಕೊಟ್ಟರು. ಯಶೋದಾಬಾಯಿ ಹೊರಗೆ ಬಂದು, "ಸಾಹೇಬ್ರು ದೇವರಂಥವರು, ಎದ್ದು ನಿಂತು ಮಾತಾಡ್ಸಿದ್ರು," ಎಂದು ಸಾಲಿನಲ್ಲಿದ್ದವರಿಗೆಲ್ಲ ಹೇಳಿದಳು. ಖುಷಿಯಲ್ಲಿ ಅರ್ಜಿಯನ್ನು ಡಬ್ಬಿಗೆ ಹಾಕುವುದು ಮರೆತು ಬಸ್ಸು ಹತ್ತಿದಳು. ಮರೆತದ್ದರಿಂದ ನಷ್ಟವೇನಾಗಲಿಲ್ಲ. ಆ ಡಬ್ಬಿಗೆ ಬುಡವಿರಲಿಲ್ಲ.

ಶನಿವಾರ ಮೇಲಧಿಕಾರಿಗಳು ಬಂದರು, ರತ್ನಗಂಬಳಿಯ ಮೇಲೆ ನಿಂತರು, ಕೆಳಗೆ ನೋಡಿದರು. ಬಂದೇನವಾಜ ಬಾಗಿಲ ಬಳಿ ನಿಂತು ಜಪ್ತಿಯಾದ ಮಷೀನಿನ ಕಡೆ ನೋಡಿದ.

"ತೊಳೆಸಿದ್ದೀರಿ ಅಂತ ಕಾಣುತ್ತದೆ," ಎಂದರು ಮೇಲಧಿಕಾರಿಗಳು. "ಹೋದ ವರ್ಷಕ್ಕಿಂತ ಕಂದು ಈಗ ಎದ್ದು ಕಾಣುತ್ತಿದೆ. ಎಲ್ಲಾ ಕಚೇರಿಗಳಲ್ಲೂ ಹೀಗೇ ತೊಳೆಸಬೇಕು."

ಮಧ್ಯಾಹ್ನದೊಳಗೆ ಮಷೀನು ಬಿಡುಗಡೆಯಾಯಿತು, ಜೊತೆಗೊಂದು ಪ್ರಶಂಸಾಪತ್ರವೂ ಸಿಕ್ಕಿತು. ಸಂಜೆಗೆ ಶಾದಿಖಾನೆಯ ಗಾಲೀಚಾಗಳು ಬೆಳಗಿದವು. ರವಿವಾರ ಮಹಜಬೀನಳ ನಿಕಾಹ್ ಅವುಗಳ ಮೇಲೆ ಸಾಂಗವಾಗಿ ನಡೆಯಿತು. ಅಲ್ಲಿ ಮಾತ್ರ ಬಂದೇನವಾಜ ಕಣ್ತುಂಬ ಅತ್ತ, ಮುನ್ನಿ ಬೀಯೂ ಅತ್ತಳು. ಮಹಾರುದ್ರಪ್ಪ ಸಾಹೇಬರು ಬಂದು ಬಿರಿಯಾನಿ ಉಂಡು, ಕೆಳಗಿನ ಹಾಸು ನೋಡಿ, "ಪಾಪ, ಈ ಗಾಲೀಚಾಕ್ಕ ಬಣ್ಣ ಹೋಗ್ಯಾದಲ್ಲ," ಎಂದು ಮರುಗಿದರು.

ಮರುವಾರದಿಂದ ಬೇರೆ ಬೇರೆ ಕಚೇರಿಗಳ ಫೋನುಗಳು ಶುರುವಾದವು. ಬಂದೇನವಾಜ ಕಲ್ಯಾಣದ ಬಸ್‌ಸ್ಟ್ಯಾಂಡ್ ಎದುರು ಹೊಸ ಬೋರ್ಡು ಬರೆಸಿ ಹಾಕಿದ್ದಾನೆ: "ಇಲ್ಲಿ ಬಿಸಿನೀರಿನ ಮಷೀನಿನಿಂದ ಗಾಲೀಚಾ ತೊಳೆದುಕೊಡಲಾಗುವುದು. ಕಚೇರಿಯವರಿಗೆ ಮೊದಲಿನಂತೆ ಮಾಡಿಕೊಡಲಾಗುವುದು. ಮಣ್ಣು ನಮ್ಮದೇ."

ಆ ಬೋರ್ಡು ಓದಿ ಇದುವರೆಗೆ ಯಾರೂ ನಕ್ಕಿಲ್ಲ. ನಂಬರು ಬರೆದುಕೊಂಡು ಹೋಗಿದ್ದಾರೆ.