ಬೂಟು ಕಳೆದ ಊರು

ಚಂದದ ಹಳೆಯ ಊರು ಕಂಡರೆ ನನಗೆ ಮೊದಲು ಮಂಡಿ ನೋಯುತ್ತದೆ, ಮನಸ್ಸು ಅರಳುವುದೆಲ್ಲ ಆಮೇಲೆ. ಫ್ರಾನ್ಸಿನ ಜನ ನೂರಾರು ವರ್ಷಗಳ ಹಿಂದೆ ಊರು ಕಟ್ಟುವಾಗ ಶತ್ರುಗಳ ಬಗ್ಗೆ ಯೋಚಿಸಿದರೇ ಹೊರತು ಸಾಗರದಾಚೆಯ ಹೇವರ್ಡ್‌ನಿಂದ ರಜೆಗೆ ಬರುವ ಹೆಂಗಸಿನ ಬಗ್ಗೆ ಯೋಚಿಸಲಿಲ್ಲ. ಊರೆಲ್ಲ ಗುಡ್ಡದ ತುದಿಯಲ್ಲಿ, ಕಾರು ನಿಲ್ಲಿಸುವ ಜಾಗ ಬುಡದಲ್ಲಿ. ಮನೆಗೆ ಮರಳುವ ವಿಮಾನ ಹತ್ತಿದ ದಿನವನ್ನು ಬಿಟ್ಟರೆ, ನಮ್ಮ ಪಾಲಿಗೆ ಎಲ್ಲವೂ ಮಾಮೂಲಾಗಿದ್ದ ಕೊನೆಯ ದಿನವೆಂದರೆ ಆ ರಜೆಯ ಕೊನೆಯ ದಿನ. ಅವತ್ತೂ ನಾನು ಅಂಥ ಗುಡ್ಡವೊಂದನ್ನು ಗೊಣಗುತ್ತಲೇ ಹತ್ತುತ್ತಿದ್ದೆ.

ಬೆಳಿಗ್ಗೆ ನಾವು ತಂಗಿದ್ದ ಟೆಂಟಿನ ಮುಂದೆ ಸಣ್ಣ ಗ್ಯಾಸ್ ಒಲೆಯಲ್ಲಿ ಅವಲಕ್ಕಿ ಮಾಡಿ ತಿಂದು ಹೊರಟಿದ್ದೆವು. ನನ್ನ ಯಜಮಾನರು ಧಾರವಾಡದವರು. ಕಲ್ಲಿನ ಗೋಡೆ ಕಂಡಲ್ಲೆಲ್ಲ ನಿಂತು "ಎಷ್ಟ್ ಛಂದ ಅದ ನೋಡು!" ಎನ್ನುವರು. ಆ ಒಂದು ಮಾತಿನಲ್ಲಿ ಅರ್ಧ ಫ್ರಾನ್ಸ್ ಮುಗಿಸಿದ್ದರು. ಇಗರ್ಜಿ ಸಿಕ್ಕರೆ ಬಾಗಿಲಲ್ಲೇ ಬೂಟು ಬಿಚ್ಚುವರು. "ಅಪ್ಪಾ, ಪ್ಲೀಸ್! ನೋಬಡಿ ಡಸ್ ದ್ಯಾಟ್!" ಎಂದು ನಮ್ಮ ಮಗಳು ಅನಘಾ ಕಂಬದ ಹಿಂದೆ ಅಡಗುವಳು. "ದೇವರ ಮನಿ ಯಾವ ಊರಾಗಿದ್ರೇನು? ಬೂಟು ಹಾಕ್ಕೊಂಡು ಹೆಂಗ ಒಳಗ ಹೋಗೂದು?" ಎಂದು ಅವರು ಕಾಲುಚೀಲದಲ್ಲೇ ಒಳಗೆ ನಡೆಯುವರು.

ಅವತ್ತು ಇಗರ್ಜಿಯ ಬಾಗಿಲ ಪಕ್ಕ ಮೇಜು ಹಾಕಿ ಊರಿನವರು ಹಳೆಯ ಸಾಮಾನು ಮಾರುತ್ತಿದ್ದರು. ಇವರು ಬೂಟನ್ನು ಆ ಮೇಜಿನ ಕೆಳಗೆ ನೀಟಾಗಿ ಜೋಡಿಸಿಟ್ಟು ಒಳಗೆ ಹೋದರು. ಬರುವಷ್ಟರಲ್ಲಿ ಅದು ಮಾರಾಟವಾಗಿತ್ತು! ಮೇಜಿನ ಅಜ್ಜಿ ಕೆನ್ನೆಗೆ ಕೈ ಹಚ್ಚಿಕೊಂಡು ಫ್ರೆಂಚಿನಲ್ಲಿ ಕ್ಷಮೆ ಕೇಳಿದರೆ, ಇವರು ಅಪ್ಪಟ ಧಾರವಾಡದ ಭಾಷೆಯಲ್ಲಿ "ಇರ್ಲಿ ಬಿಡ್ರಿ ಅಮ್ಮಾ, ಯಾರೋ ಒಬ್ಬರು ತಗೊಂಡಾರಂದ್ರ ಬೂಟು ಛಲೋ ಇದ್ವು ಅಂತಾತು" ಎಂದು ಸಮಾಧಾನ ಮಾಡಿದರು. ಕೊನೆಗೆ ಅದೇ ಮೇಜಿನಿಂದ ತೋಟದ ಕೆಲಸಕ್ಕೆ ಹಾಕುವ ಹಸಿರು ರಬ್ಬರ್ ಚಪ್ಪಲಿ ಜೋಡೊಂದು ಸಿಕ್ಕಿತು. ಅದನ್ನೇ ಹಾಕಿಕೊಂಡು ಊರೆಲ್ಲ ಸುತ್ತಿದರು, ವಿಮಾನವನ್ನೂ ಹತ್ತಿದರು.

ಮನೆ ಸೇರಿದ ಮರುದಿನ ಬೆಳಿಗ್ಗೆ ಅವರು ಏಳಲಿಲ್ಲ. ಹೃದಯ ಎಂದರು ಡಾಕ್ಟರು.

ಆಮೇಲೆ ಅನಘಾ 'ಅಪ್ಪ' ಎನ್ನುವುದನ್ನೇ ಬಿಟ್ಟಳು. ಅಳಲೂ ಇಲ್ಲ. ಸ್ಕೂಲಿಂದ ಬಂದವಳೇ ರೂಮಿನ ಬಾಗಿಲು ಹಾಕಿಕೊಳ್ಳುವಳು. ನನ್ನ ದುಃಖವನ್ನು ಹೇಗೋ ಹೊರಬಲ್ಲೆ, ಅವಳ ಆ ಮೌನಕ್ಕೆ ಮಾತ್ರ ಹೆದರಿದ್ದೆ.

ಒಂದು ಭಾನುವಾರ, ಹೇವರ್ಡ್ ಹತ್ತಿರದ ಲಿವರ್‌ಮೋರ್ ದೇವಸ್ಥಾನದಲ್ಲಿ ಪರಿಚಯವಾಗಿದ್ದ, ಉಡುಪಿ ಕಡೆಯ ಶಾರದಕ್ಕ ಮಾತಾಡಿಸಲು ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತ, ಅಲ್ಲೇ ಇದ್ದ ಇವರ ರಬ್ಬರ್ ಚಪ್ಪಲಿ ಕಂಡು, "ಇದೆಂಥದು ಮಾರಾಯ್ತಿ, ಗಿಳಿಹಸಿರು! ಯಾರದ್ದು?" ಎಂದರು. ಬಾಯಿ ಬಿಟ್ಟ ಮೇಲೆ ಅವರಿಗೇ ಪೆಚ್ಚಾಯಿತು. ಪಾಪ ಎನಿಸಿ ಕಥೆ ಶುರು ಮಾಡಿದೆ. ಅಜ್ಜಿ ಈ ಹಸಿರು ಚಪ್ಪಲಿ ಹುಡುಕಿ ಕೊಟ್ಟರು ಎನ್ನುವಲ್ಲಿಗೆ ಬಂದಾಗ ರೂಮಿನ ಬಾಗಿಲು ತೆರೆಯಿತು.

"ನೋ ಅಮ್ಮ, ಅಜ್ಜಿ ಬ್ಲ್ಯಾಕ್ ಕೊಟ್ರು. ಗ್ರೀನ್ ಬೇಕು ಅಂದಿದ್ದು ಅಪ್ಪ!"

ಅವಳು ಬಂದು ಶಾರದಕ್ಕನ ಪಕ್ಕ ಕೂತು ಅಪ್ಪ ಆ ಚಪ್ಪಲಿಯಲ್ಲಿ ಕಲ್ಲುಹಾಸಿನ ಮೇಲೆ ಹೇಗೆ ಜಾರಿದರು, ಹೇಗೆ ಯಾರೂ ನೋಡಲಿಲ್ಲವೆಂಬಂತೆ ಗೋಡೆ ಹೊಗಳಿದರು ಎಂದು ಹೇಳುತ್ತಾ ಹೋದಳು. ನಕ್ಕಳು, ನಗುತ್ತಲೇ ಅತ್ತಳು. ಶಾರದಕ್ಕ ಅವಳ ಬೆನ್ನು ಸವರುತ್ತ, "ಯಾವ ಊರು ಮಗಾ ಅದು?" ಎಂದರು.

ಅವಳು ನನ್ನ ಮುಖ ನೋಡಿದಳು. ನಾನು ಗತ್ತಿನಿಂದ ಒಂದು ಹೆಸರು ಹೇಳಿದೆ.

"ಅದು ಚೀಸ್, ಅಮ್ಮ."

ಇನ್ನೊಂದು ಹೇಳಿದೆ.

"ಅದೂ ಚೀಸೇ."

ಫೋನಿನ ನಕ್ಷೆಯಲ್ಲಿ ಹುಡುಕಿದರೆ ಎಲ್ಲ ಕಡೆ ಅದೇ ಗುಡ್ಡ, ಅದೇ ಗೋಡೆ, ಅದೇ ಇಗರ್ಜಿ. ಕಾರಿನಲ್ಲಿ ನಾನು ತೂಕಡಿಸುತ್ತಿದ್ದೆ, ಅವಳು ಹಾಡು ಕೇಳುತ್ತಿದ್ದಳು. ಕಾರು ಓಡಿಸುತ್ತ ದಾರಿ ನೋಡಿದವರು ಅವರೊಬ್ಬರೇ. ತಲೆ ಕೆರೆದುಕೊಂಡು, ಇಷ್ಟು ವರ್ಷದ ರೂಢಿಯಂತೆ ಒಳಕೋಣೆಯ ಕಡೆ ತಿರುಗಿ "ರೀ, ಯಾವ ಊರ್ರೀ ಅದು?" ಎಂದು ಕೂಗಿಯೇಬಿಟ್ಟೆ.

ಊರಿನ ಹೆಸರು ಇನ್ನೂ ನಮಗೆ ಗೊತ್ತಾಗಿಲ್ಲ.