ದೊರೆಯ ಕುರ್ಚಿಯ ಮೇಲೆ ನಮ್ಮ ಮಾವನ ತಕರಾರು

ಮೈಸೂರಿನಲ್ಲಿ ಅರಸೊತ್ತಿಗೆಯನ್ನು ಕೊನೆಗಾಣಿಸಿದವರು ಯಾರೆಂದರೆ ಚರಿತ್ರೆ ಬರೆಯುವವರು ಏನೇನೋ ಹೇಳುತ್ತಾರೆ. ನನ್ನನ್ನು ಕೇಳಿದರೆ, ಅರ್ಧ ಕೆಲಸವನ್ನು ಬೆಸಗರಹಳ್ಳಿಯ ನನ್ನ ಸೋದರಮಾವ ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲೇ ಮುಗಿಸಿದ್ದ! ದೇಶಕ್ಕೆ ಸ್ವಾತಂತ್ರ್ಯ ಬಂದು, ನಮ್ಮ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂದು ಮೆರವಣಿಗೆಗಳು ನಡೆಯುತ್ತಿದ್ದ ವರ್ಷ ಅದು. ಮಾವ ಮೆರವಣಿಗೆಗೆ ಹೋದವನಲ್ಲ. ಬಿಸಿಲಲ್ಲಿ ನಡೆಯುತ್ತ ನೆಟ್ಟಗೆ ವಾದ ಮಾಡಲಾಗುವುದಿಲ್ಲ ಎಂಬುದು ಅವನ ದೂರು.

ಅವನ ಕೈಗೆ ಮೊದಲು ಸಿಕ್ಕಿಬಿದ್ದವರು ಬಸ್ ರಿಪೇರಿ ಮಾಡುವ ಸಾಹೇಬರು. ಅವರು ಬಸ್ಸಿನ ಅಡಿಯಲ್ಲಿ ಮಲಗಿದ್ದಾಗ, ಓಡಿಹೋಗಲಾರರೆಂದು ಖಾತ್ರಿಯಾದ ಮೇಲೆ, ಮಾವ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

“ಸಾಯೇಬ್ರೇ, ನಿಮ್ ಮಗನ ಕೈಗೆ ನಾಳೀಕೇ ಈ ರಿಪೇರಿ ಒಪ್ಪುಸ್ಬುಡ್ತೀರಾ?”

“ಎಲ್ಲಿ ಒಪ್ಸದು ಗೌಡ್ರೇ, ಅವ್ನಿನ್ನೂ ಕಲೀಬೇಕು.”

“ನೋಡಿ ಮತ್ತೆ. ಬಸ್ಸಿಗಾದ್ರೆ ಕಲೀಬೇಕು, ರಾಜ್ಯಕ್ಕಾದ್ರೆ ಉಟ್ಟುದ್ರೆ ಸಾಕು.”

“ದೊರೆಗಳು ಒಳ್ಳೇರಲ್ವಾ? ನೀರು, ಕರೆಂಟು, ಎಲ್ಲಾ ಕೊಟ್ಟವ್ರಲ್ಲ.”

“ಒಳ್ಳೇರೇ. ಮುಂದೆ ಉಟ್ಟೋನೂ ಒಳ್ಳೇನೇ ಆಯ್ತನೆ ಅಂತ ಯಾರ್ ಬರ್ಕೊಟ್ಟವ್ರೆ? ಕೆಟ್ಟೋನು ಉಟ್ಟುದ್ರೆ ಬದಲಾಯ್ಸಕಾಯ್ತದಾ?”

ಸಾಹೇಬರು ಉತ್ತರ ಹುಡುಕುತ್ತಿರುವಾಗ ಬೆಸಗರಹಳ್ಳಿಯ ಬಸ್ಸು ಒಂದು ಗಂಟೆ ತಡವಾಯಿತು.

ಇಷ್ಟಾಗಿಯೂ ಮಾವನ ಪಡಸಾಲೆಯಲ್ಲಿ ಮಹಾರಾಜರ ಪಟವಿತ್ತು. ಬೆಳಗೆದ್ದು ಅದಕ್ಕೆ ಕೈಮುಗಿಯುತ್ತಿದ್ದ! ಇದೇನು ಮಾವ ಎಂದರೆ, “ಅವ್ರು ಒಳ್ಳೇರು ಕಣವ್ವ. ನನ್ ತಕರಾರು ಕುರ್ಚಿ ಮ್ಯಾಲೆ” ಎನ್ನುತ್ತಿದ್ದ.

ಇನ್ನು ನನ್ನ ವಿಷಯ. ನಮ್ಮ ಕಡೆ ತಂಗಿಗೆ ಹೆಣ್ಣು ಹುಟ್ಟಿದರೆ ಅದು ಅಣ್ಣನ ಮನೆಗೆ ಹಕ್ಕಿನ ಸೊಸೆ. ನಾನು ತೊಟ್ಟಿಲಲ್ಲಿದ್ದಾಗಲೇ ಮಾವ ತನ್ನ ಮಗನಿಗೆಂದು ಮಾತು ಪಡೆದಿದ್ದ. ಮಗ ಕೆಟ್ಟವನೇನಲ್ಲ. ಆದರೆ ನನಗೆ ಮಂಡ್ಯದಲ್ಲಿ ಓದಿ ಸ್ಕೂಲು ಮೇಡಮ್ಮನಾಗುವ ಆಸೆ. ಲಗ್ನ ಗೊತ್ತು ಮಾಡಲು ಮದ್ದೂರಿನ ನಮ್ಮ ಮನೆಗೆ ಬಂದ ಮಾವ, ತಾಂಬೂಲದ ತಟ್ಟೆಯನ್ನು ಅಪ್ಪನ ಮುಂದಿಟ್ಟು, ಸುಮ್ಮನಿರಲಾರದೆ ಅಲ್ಲೂ ದೊರೆತನದ ಮಾತು ತೆಗೆದ. ನನಗೆ ಎಲ್ಲಿಂದ ಧೈರ್ಯ ಬಂತೋ!

“ಮಾವ, ಉಟ್ಟಿದ್ಕೇ ದೊರೆ ಆಗ್ಬಾರ್ದು ಅಂತೀಯ. ನಾನು ಉಟ್ಟಿದ್ಕೇ ನಿನ್ ಸೊಸೆ ಆಗ್ಬೇಕಾ?”

ಅಪ್ಪ ಹೊಡೆಯಲು ಕೈಯೆತ್ತಿದರು. ಮಾವ ತಡೆದ. ಆಮೇಲೆ ತಟ್ಟೆಯನ್ನು ಅಪ್ಪನ ಮುಂದಿನಿಂದ ಎತ್ತಿ ನನ್ನ ಮುಂದಿಟ್ಟ.

“ನೀನೇ ಯೋಳವ್ವ. ಒಲ್ಲೆ ಅಂದ್ರೂ ನಾನು ನಿನ್ ಮಾವನೇ.”

“ಒಲ್ಲೆ ಮಾವ” ಎಂದೆ.

ಮಾವನ ಕಣ್ಣು ತುಂಬಿತು. ನಾನು ಹುಟ್ಟಿದಾಗಿನಿಂದ ಅವನು ಇಟ್ಟುಕೊಂಡಿದ್ದ ಆಸೆ ಅದು. ಟವಲಿನಿಂದ ಮುಖ ಒರೆಸಿಕೊಂಡು, “ಓದ್ಕೊ ಬುಡು” ಎಂದು ಮೆಟ್ಟು ಮೆಟ್ಟಿಕೊಂಡು ಹೊರಟ.

ನಾನು ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ. ಅಲ್ಲಿಯವರೆಗೆ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ.